ಸ್ಟೇರಿಂಗ್ ತಾನಾಗಿ ತಿರುಗಿದ ಮಧ್ಯಾಹ್ನ

ಸ್ಟೇರಿಂಗಿನ ಕೆಳಗೆ ಇಟ್ಟ ತಗಡಿನ ಡಬ್ಬಿಯಲ್ಲಿ ನಿಮಿಷಕ್ಕೆ ಹನ್ನೊಂದು ಹನಿ ಎಣ್ಣೆ ಬೀಳುತ್ತಿತ್ತು. ಗಡಿಯಾರ ಹಿಡಿದು ಎಣಿಸಿದ್ದೆ.

ಅದು ೧೯೮೩ರ ಬೇಸಿಗೆ. ಎಂ.ಎಸ್ಸಿ. ಪರೀಕ್ಷೆ ಮುಗಿಸಿ ಶಹಾಬಾದಿನ ಮನೆಗೆ ಬಂದಿದ್ದೆ. ಊರ ಹೊರಗೆ ನಮ್ಮದೊಂದು ಪೇರಲ ತೋಟವಿತ್ತು. ಫ್ಯಾಕ್ಟರಿಯೊಂದರ ಬಂಗಲೆಯ ತೋಟದಲ್ಲಿದ್ದ ಸಣ್ಣ ವಿದೇಶಿ ಟ್ರ್ಯಾಕ್ಟರನ್ನು ಅಪ್ಪ ಹರಾಜಿನಲ್ಲಿ ಹಿಡಿದಿದ್ದರು. ಅದಕ್ಕೆ ಪವರ್ ಸ್ಟೇರಿಂಗ್ ಇತ್ತು, ಒಂದು ಬೆರಳಿನಿಂದ ತಿರುಗಿಸಬಹುದಿತ್ತು.

ಏಳು ತಿಂಗಳ ಹಿಂದೆ ಅಪ್ಪನಿಗೆ ಲಕ್ವಾ ಹೊಡೆದಿತ್ತು. ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ನೋಡಲು ಬಂದವರೊಬ್ಬರು ಅವರ ಮಾತು ತಿಳಿಯದೆ ನಕ್ಕುಬಿಟ್ಟರು. ಅಂದಿನಿಂದ ಅಪ್ಪ ಬಾಯಿ ಬಿಡಲಿಲ್ಲ. ಮಾತಾಡಿದಷ್ಟೂ ಮಾತು ಬರುತ್ತದೆ ಎಂದು ಡಾಕ್ಟರು ಹೇಳಿದ್ದರು, ಅಪ್ಪ ಮಾತ್ರ ಎಡಗೈಯಲ್ಲಿ ಟ್ರ್ಯಾಕ್ಟರ್ ನಡೆಸಿಕೊಂಡು ಸುಮ್ಮನೆ ಇದ್ದುಬಿಟ್ಟರು. ಎಣ್ಣೆ ಸೋರಿ ಸ್ಟೇರಿಂಗ್ ಬಿಗಿಯಾದ ಮೇಲೆ ಅದೂ ನಿಂತಿತು. ತೋಟದಲ್ಲಿ ಟ್ರ್ಯಾಕ್ಟರ್ ನಿಂತ ಕಡೆಯೇ ಬೇವಿನ ಗಿಡದ ಕೆಳಗೆ ಹೊರಸು ಹಾಕಿಕೊಂಡು ತೋಟದ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಹಾಸ್ಟೆಲಿನಲ್ಲಿದ್ದಾಗ ಶನಿವಾರಕ್ಕೊಮ್ಮೆ ಫೋನಿನಲ್ಲಿ ಕೇಳುತ್ತಿದ್ದ ಆ ದನಿಗಾಗಿ ನಾನು ಒಳಗೊಳಗೇ ಹಂಬಲಿಸುತ್ತಿದ್ದೆ.

ಲಾರಿಗಳ ಬ್ರೇಕು ರಿಪೇರಿ ಮಾಡುವ ಮಹಬೂಬ ಚಾಚಾ ಬಂದು ನೋಡಿದರು.

"ಸ್ಟೇರಿಂಗ್ ಕೆಳಗಿನ ವಾಲ್ವ್ ಬಿಚ್ಚಬೇಕಾಗ್ತದ ಬೇಟಿ. ಒಳಗಿನ ರಬ್ಬರ್ ರಿಂಗ್ ಸುಟ್ಟಾವ. ಹೈದರಾಬಾದಿಂದ ತರಸ್ತೀನಿ. ಆದ್ರ ನಾ ಇಂಥಾದ್ದು ಎಂದೂ ಬಿಚ್ಚಿಲ್ಲ. ನೀ ಓದಿದಾಕಿ, ಬಾಜೂಕ ಕುಂದ್ರು."

ರಿಂಗುಗಳು ಬಂದ ದಿನ ಬಿಚ್ಚಿದೆವು. ಮುಷ್ಟಿಯಷ್ಟು ವಾಲ್ವಿನೊಳಗೆ ಒಂದರ ಮೇಲೊಂದು ಉಕ್ಕಿನ ಬಿಲ್ಲೆಗಳು, ನಡುವೆ ನಕ್ಷತ್ರದಂಥ ಒಂದು ತುಂಡು.

"ಬಿಡಿಬಿಡಿ ಮಾಡೋ ಮೊದ್ಲ ಎಲ್ಲಾದರ ಮ್ಯಾಲ ಮೊಳಿಲೆ ಒಂದು ಉದ್ದ ಗೆರಿ ಎಳಿ, ತಿರಗಿ ಹಂಗ ಕೂರಸ್ಲಿಕ್ಕ," ಎಂದರು ಚಾಚಾ.

ಅಷ್ಟು ನುಣುಪಾದ ಉಕ್ಕನ್ನು ಗೀಚಲು ನನಗೆ ಮನಸ್ಸಾಗಲಿಲ್ಲ. ಪೆನ್ನಿನಿಂದ ಚೆಂದಾಗಿ ನಂಬರು ಬರೆದೆ. ಸೀಮೆಎಣ್ಣೆಯಲ್ಲಿ ತೊಳೆದಾಗ ನಂಬರುಗಳೂ ತೊಳೆದುಹೋದವು. ನಾಚಿಕೆಯಾಗಿ ಚಾಚಾಗೆ ಹೇಳಲಿಲ್ಲ.

ಬಿಲ್ಲೆಗಳ ಮುಖದಲ್ಲಿ ಸಣ್ಣ ಗೀರುಗಳಿದ್ದವು. ಚಾಚಾ ನೆಲಕ್ಕೆ ಹಾಸುವ, ಪಾಲಿಶ್ ಮಾಡಿದ ಫರಸಿ ಕಲ್ಲೊಂದನ್ನು ತಂದು, ಅದರ ಮೇಲೆ ನಯವಾದ ಉಪ್ಪುಕಾಗದ ಹಾಸಿ, ಎಣ್ಣೆ ಬಿಟ್ಟು ಕೊಟ್ಟರು. "ನಮ್ಮೂರ ಫರಸಿಗಿಂತ ಸಪಾಟ ಜಾಗಾ ದುನಿಯಾದಾಗ ಇಲ್ಲ. ತಿಕ್ಕು." ಮೇಲೆ ಭಾರ ಹಾಕದೆ, ಸುತ್ತುಸುತ್ತಾಗಿ, ಗೀರು ಹೋಗುವವರೆಗೆ ತಿಕ್ಕಿದೆ. ಆಮೇಲೆ ಹೊಸ ರಿಂಗುಗಳಿಗೆ ಎಣ್ಣೆ ಸವರಿ ಒಂದೊಂದಾಗಿ ಕೂರಿಸಿದೆವು. ನಕ್ಷತ್ರದ ತುಂಡನ್ನು ನೆನಪಿನ ಮೇಲೆಯೇ ಇಟ್ಟೆ.

ಚಾಚಾ ಇಂಜಿನ್ ಚಾಲೂ ಮಾಡಿದರು. ಸದ್ದಿಗೆ ಅಪ್ಪ ಈ ಕಡೆ ಹೊರಳಿದರು. ಸೋರುತ್ತದೆಯೋ ಎಂದು ನೋಡಲು ನಾನು ಸ್ಟೇರಿಂಗಿನ ಕಡ್ಡಿಗಳ ನಡುವೆ ಕೈ ತೂರಿಸಿ ವಾಲ್ವಿನ ಕೆಳಗೆ ಬೆರಳಾಡಿಸಿದೆ. ಅಷ್ಟರಲ್ಲಿ ಯಾರೂ ಮುಟ್ಟದ ಸ್ಟೇರಿಂಗ್ ತಾನಾಗಿ ಅಲುಗಿತು.

"ಸರೂ! ಕೈ! ಕೈ ತೆಗಿ!"

ಕೈ ಎಳೆದುಕೊಂಡೆ. ಸ್ಟೇರಿಂಗ್ ಹುಚ್ಚು ಹಿಡಿದಂತೆ ಗಿರಗಿರ ತಿರುಗಿತು. ನನ್ನ ಎರಡು ಬಳೆ ಕಡ್ಡಿಗೆ ಬಡಿದು ಚೂರಾಗಿ ಬಿದ್ದವು. ಚಾಚಾ ಇಂಜಿನ್ ಬಂದ್ ಮಾಡಿದರು.

ತಿರುಗಿ ನೋಡಿದರೆ ಅಪ್ಪ ಹೊರಸಿನ ಮೇಲೆ ಎದ್ದು ಕೂತಿದ್ದರು. ದನಿ ಒರಟಾಗಿತ್ತು, 'ಸ' ಸರಿಯಾಗಿ ಹೊರಟಿರಲಿಲ್ಲ. ಆದರೂ ಅದು ನನ್ನ ಹೆಸರು.

"ಅರೆ ಅಣ್ಣಾ," ಎಂದರು ಚಾಚಾ, "ಏಳು ತಿಂಗಳಿಂದ ನಮಗ ಕೈಸನ್ನಿ ಮಾಡಿ ಕುಣಿಸಾಕತ್ತೀರಿ, ಒಳಗ ಇಷ್ಟು ದೊಡ್ಡ ಫ್ಯಾಕ್ಟರಿ ಭೋಂಗಾ ಇಟ್ಕೊಂಡು!"

ಅಪ್ಪ ಟವೆಲ್ಲಿನಿಂದ ಬಾಯಿ ಒರೆಸಿಕೊಂಡು ಮುಖ ತಿರುಗಿಸಿದರು.

ನಾನು ತಪ್ಪು ಒಪ್ಪಿಕೊಂಡೆ. "ನಂಬರ್ ಅಳಿಸಿ ಹೋಗಿದ್ವು ಚಾಚಾ. ಅಂದಾಜಿನ ಮ್ಯಾಲ ಕೂರಿಸಿದೆ."

"ಅಂದಾಜು! ಎಮ್ಮೆಸ್ಸಿ ಮಾಡಿದಾಕಿ! ನನ್ನ ಕೇಳಿದ್ರ ನಾ ಏನ್ ಕಡೀತಿದ್ದೆನು?"

ಮತ್ತೆ ಬಿಚ್ಚಿದೆವು. ನಕ್ಷತ್ರ ಒಂದು ಹಲ್ಲು ಆಚೆ ಕೂತಿತ್ತು; ಅದಕ್ಕೇ ಎಣ್ಣೆಯ ಒತ್ತಡವೇ ಸ್ಟೇರಿಂಗನ್ನು ತಿರುಗಿಸಿತ್ತು. ಈ ಸಲ ಇಬ್ಬರೂ ಸೇರಿ ನೋಡಿ ಕೂರಿಸಿ, ಮೊಳೆಯಿಂದ ಗೆರೆ ಎಳೆದೆವು. ಬಿಸಿಲು ಇಳಿಯುವ ಹೊತ್ತಿಗೆ ಅಪ್ಪ ಎಡಗೈಯಲ್ಲಿ ಟ್ರ್ಯಾಕ್ಟರ್ ಹಿಡಿದು ಪೇರಲ ಸಾಲುಗಳ ನಡುವೆ ಎರಡು ಸುತ್ತು ಬಂದರು. ಒಂದು ಹನಿಯೂ ಸೋರಲಿಲ್ಲ. ಇಳಿದ ಮೇಲೆ ಸೀಟು ತಟ್ಟಿದರು, ನನ್ನ ಕಡೆ ನೋಡಿ ತಲೆಯಾಡಿಸಿದರು. ಒಂದು ಮಾತಾಡುತ್ತಾರೆಂದು ಕಾದೆ. ಆಡಲಿಲ್ಲ.

ಆ ರಾತ್ರಿ ಹಾಸಿಗೆಯಲ್ಲಿ ಹೊರಳುತ್ತಾ, 'ಅಂದಾಜು! ನನ್ನ ಕೇಳಿದ್ರ...' ಎಂದು ಚಾಚಾ ಅಂದದ್ದನ್ನೇ ಯೋಚಿಸಿದೆ. ಏಳು ತಿಂಗಳಿಂದ ಅವ್ವ, ಊರಿಗೆ ಬಂದಾಗಿನಿಂದ ನಾನೂ, ಅಪ್ಪನಿಗೆ ಏನು ಬೇಕೆಂಬುದನ್ನು ಅಂದಾಜಿನ ಮೇಲೆಯೇ ಮಾಡುತ್ತ ಬಂದಿದ್ದೆವು. ಅವರು ಕಣ್ಣೆತ್ತುವ ಮೊದಲೇ ನೀರು, ಶಾಲು, ಗುಳಿಗೆ. ಅವರಿಗೆ ನಾಚಿಕೆಯಾಗದಿರಲಿ ಎಂದು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಅವರು ಬಾಯಿ ತೆರೆಯಲು ನಾವು ಒಂದು ಕಾರಣವನ್ನೂ ಉಳಿಸಿರಲಿಲ್ಲ. ಇವತ್ತಿಗೂ ಯಾರಿಗಾದರೂ ಉಪಚಾರ ಮಾಡುವಾಗ ಇದು ನೆನಪಾಗಿ ಕೈ ತಡೆಯುತ್ತದೆ.

ಮರುದಿನ ಬೆಳಿಗ್ಗೆ ಚಹಾ ಸೋಸಿ ಅಪ್ಪನ ಮುಂದೆ ಇಟ್ಟೆ. ಸಕ್ಕರೆ ಹಾಕಲು ಬಂದ ಅವ್ವನನ್ನು ಕಣ್ಣಲ್ಲೇ ತಡೆದೆ. "ಅಪ್ಪಾ, ಸಕ್ಕರಿ ಎಷ್ಟು ಚಮಚ ಹಾಕ್ಲಿ?" ಎಂದು ಕೇಳಿ, ಚಹಾ ಆರುತ್ತಿದ್ದರೂ, ಡಬ್ಬಿ ಹಿಡಿದುಕೊಂಡು ಅವರೆದುರು ನಿಂತೆ.