ತಮ್ಮನ ಧೂಮಕೇತು

ಅದು ೧೯೭೪ರ ಸಂಕ್ರಾಂತಿ. ನಾವು ರಾಜಾಜಿನಗರದಲ್ಲಿದ್ದೆವು, ನಾನು ಪಿಯುಸಿ ಓದುತ್ತಿದ್ದೆ. ಹೊಸದಾಗಿ ಪತ್ತೆಯಾದ ಧೂಮಕೇತು ಸಂಜೆ ಪಡುವಣದಲ್ಲಿ ಕಾಣುತ್ತದೆಂದು ಪತ್ರಿಕೆಗಳು ಬರೆದದ್ದೇ ಬರೆದದ್ದು. ಅರ್ಧ ಆಕಾಶ ಗುಡಿಸುವಂಥ ಬಾಲವಂತೆ! ಬೀದಿಯವರೆಲ್ಲ ಪೊರಕೆಯಂಥ ಬಾಲ ಹುಡುಕಿ ಕತ್ತು ನೋಯಿಸಿಕೊಂಡು, "ಬರೀ ಬುರುಡೆ" ಎಂದು ಸುಮ್ಮನಾಗಿದ್ದರು.

ಹಬ್ಬದ ಸಂಜೆ ಎಳ್ಳು ಬೀರಲು ಎದುರುಮನೆಗೆ ಹೋದೆ. ಅಲ್ಲಿನ ಯಜಮಾನರು ಮಿಲಿಟರಿಯಿಂದ ನಿವೃತ್ತರಾದವರು. ಅವರ ಬೈನಾಕ್ಯುಲರ್ ಮೇಲೆ ನನಗೆ ಬಹಳ ದಿನದಿಂದ ಕಣ್ಣಿತ್ತು.

"ಅಂಕಲ್, ಧೂಮಕೇತು ನೋಡೋಕೆ ಒಂದ್ಸಲ ಕೊಡ್ತೀರಾ?"

"ತಗೊಂಡ್ಹೋಗಮ್ಮ, ಎರಡು ದಿನ ಇಟ್ಕೋ" ಎಂದರು.

ರೇಷ್ಮೆ ಲಂಗದಲ್ಲೇ ನಮ್ಮ ತಾರಸಿಗೆ ಓಡಿದೆ. ಕೈ ನಡುಗದಿರಲೆಂದು ಮೊಣಕೈ ಎರಡನ್ನೂ ಮೋಟುಗೋಡೆಯ ಮೇಲೆ ಊರಿದೆ. ಹೊಳೆಯುತ್ತಿದ್ದ ಗುರುಗ್ರಹದಿಂದ ಶುರುಮಾಡಿ ಸುತ್ತಲೂ ನಿಧಾನವಾಗಿ ಹುಡುಕಿದೆ. ನಾನು ಬಾಲ ಹುಡುಕಲಿಲ್ಲ, ಮಸುಕಾದ ಚುಕ್ಕಿ ಹುಡುಕಿದೆ. ಸಿಕ್ಕೇಬಿಟ್ಟಿತು! ಊದುಬತ್ತಿಯ ಹೊಗೆಯಂಥ ತೆಳ್ಳನೆಯ ಬಾಲವೂ ಇತ್ತು. ಖುಷಿಗೆ ಕಣ್ಣಲ್ಲಿ ನೀರು ಬಂದು ಧೂಮಕೇತುವೇ ಮರೆಯಾಯಿತು.

ನನಗಿಂತ ಒಂದು ವರ್ಷ ಚಿಕ್ಕವನಾದ ತಮ್ಮನನ್ನು ಕರೆದು, ಗುರುವಿನ ಪಕ್ಕ ಹೇಗೆ ಹುಡುಕಬೇಕೆಂದು ಹೇಳಿಕೊಟ್ಟೆ. "ಯಾವ್ದೋ ಫ್ಯಾಕ್ಟರಿ ಹೊಗೆ ಕಣೇ" ಎಂದು ನಕ್ಕ. ಅಮ್ಮ ಮಾತ್ರ ನಗಲಿಲ್ಲ. "ಬಾಯ್ಮುಚ್ಚೇ. ಭಾನುವಾರ ಗಂಡಿನ ಕಡೆಯೋರು ಬರ್ತಾ ಇದಾರೆ. ಧೂಮಕೇತು ನೋಡ್ದೋಳು ಅಂತ ಗೊತ್ತಾದ್ರೆ ಯಾರು ಒಪ್ತಾರೆ?"

ಮರುದಿನ ಸಂಜೆ, ಸುದ್ದಿ ಕೇಳಿ ಪಕ್ಕದ ಬೀದಿಯ ಫಿಸಿಕ್ಸ್ ಲೆಕ್ಚರರೊಬ್ಬರು ಬಂದರು. ತಾರಸಿಯಲ್ಲಿ ಅಪ್ಪ, ತಮ್ಮ, ನಾನು ನಿಂತಿದ್ದೆವು. ಅವರು ನೋಡಿ, "ಅರೆ, ಅದೇ ಕಣ್ರೀ! ಯಾರು ಹುಡುಕಿದ್ದು?" ಎಂದರು.

ನನಗೆ ಬಿ.ಎಸ್ಸಿ. ಓದುವ ಹಂಬಲ. ಅಪ್ಪ ಬೇಡವೆನ್ನುತ್ತಿದ್ದರು. ಈ ಮೇಷ್ಟ್ರು ಒಂದು ಮಾತು ಹೇಳಿದರೆ ಅಪ್ಪನ ಮನಸ್ಸು ಕರಗೀತೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪನೇ ಹೇಳಿದರು: "ನಮ್ಮ ಹುಡುಗ ಸಾರ್." ನನ್ನ ಕಡೆ ತಿರುಗಿ, "ಹೋಗಮ್ಮ, ಸಾರ್‌ಗೆ ಕಾಫಿ ತಾ" ಎಂದರು.

ತಮ್ಮ ನಿಜ ಹೇಳುತ್ತಾನೆಂದು ಅವನ ಮುಖ ನೋಡಿದೆ. "ಹೂಂ ಸಾರ್, ಗುರು ಪಕ್ಕದಲ್ಲಿ ಹುಡುಕ್ದೆ" ಎಂದ!

ನಾನು ಕಾಫಿ ತರುವಾಗ ಮೇಷ್ಟ್ರು ಹೇಳುತ್ತಿದ್ದರು: "ಒಳ್ಳೇ ಕಣ್ಣು ಇವನ್ದು. ಸೈನ್ಸ್ ಓದ್ಸಿ."

ತಮ್ಮ ಬಿ.ಎಸ್ಸಿ. ಮಾಡಿದ. ಭಾನುವಾರ ಬಂದವರು ನನ್ನನ್ನು ಒಪ್ಪಿದರು, ಬೇಸಿಗೆಯಲ್ಲಿ ಮದುವೆಯಾಯಿತು. ಗಂಡ ಒಳ್ಳೆಯವರೇ, ಆ ಮಾತು ಬೇರೆ. ಆದರೆ ನನ್ನ ಪುಸ್ತಕಗಳು ಅಟ್ಟ ಸೇರಿದವು.

ಈ ಸಂಕ್ರಾಂತಿಗೆ ಉಲ್ಲಾಳದಲ್ಲಿರುವ ತಮ್ಮನ ಮನೆಗೆ ಹೋಗಿದ್ದೆವು. ಮಕ್ಕಳನ್ನು ಕೂರಿಸಿಕೊಂಡು ಅವನು ತನ್ನ ಧೂಮಕೇತುವಿನ ಕತೆ ತೆಗೆದ. ನನ್ನ ಮೊಮ್ಮಗಳು, "ಆಗ ಅಜ್ಜಿ ಎಲ್ಲಿದ್ರು?" ಎಂದು ಕೇಳಿದಳು.

"ಅವ್ಳಾ? ಕೆಳಗೆ ಕಾಫಿ ಮಾಡ್ತಿದ್ಲು."

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಅವನು ಸುಳ್ಳು ಹೇಳುತ್ತಿರಲಿಲ್ಲ, ಹೇಳಿ ಹೇಳಿ ಅವನಿಗೆ ಅದೇ ನಿಜವಾಗಿಬಿಟ್ಟಿದೆ. ಹಬ್ಬದ ಮನೆ ಎಂದು ನುಂಗಿಕೊಂಡೆ.

ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕಂತೆ. ಇಷ್ಟು ವರ್ಷ ಒಳ್ಳೆಯದನ್ನೇ ಆಡಿದೆ. ಇವತ್ತು ನಿಜ ಆಡುತ್ತೇನೆ. ಧೂಮಕೇತು ಹುಡುಕಿದ್ದು ನಾನು. ಕಾಫಿ ಮಾಡಿದ್ದು ಆಮೇಲೆ.