ಪಾಲಾಕ್ಷನ ಎರಡು ಆಂಟೆನಾ

ಚಳ್ಳಕೆರೆಯ ಮೋಟಾರ್ ವೈಂಡಿಂಗ್ ಪಾಲಾಕ್ಷನ ಅಂಗಡಿ ಮಾಳಿಗೆಯ ಮೇಲೆ ಊರಿಂದೂರಿಗೆ ಮಾತಾಡುವ ಸಿ.ಬಿ. ರೇಡಿಯೊದ ಎರಡು ಆಂಟೆನಾಗಳಿವೆ. ಒಂದು ಹಳೇ ಅಲ್ಯೂಮಿನಿಯಂ ಪೈಪು, ಬುಡದಲ್ಲಿ ಕೊಡೆಕಡ್ಡಿಯಂತೆ ಹರಡಿದ ನಾಲ್ಕು ಸರಳು. ಇನ್ನೊಂದು ತೊಂಬತ್ತೆಂಟರಲ್ಲಿ ಬಂದ ನುಣ್ಣನೆಯ ಬಿಳೀ ಫೈಬರ್ ಕೋಲು. ಯಾವುದು ಮೇಲು ಎಂಬ ಅವನೊಳಗಿನ ವ್ಯಾಜ್ಯ ಅಂದಿನಿಂದಲೂ ಇತ್ಯರ್ಥವಾಗಿಲ್ಲ. ಸುಟ್ಟ ಮೋಟಾರು ಹೊತ್ತು ಬಂದ ನನ್ನಂಥವನನ್ನೂ ನಿಲ್ಲಿಸಿಕೊಂಡು, "ಹಳೇದು ಕೆಟ್ರೆ ನಾನೇ ಬಿಚ್ಚಿ ಕಟ್ತೀನಿ. ಹೊಸದು ಬಿಚ್ಚೋ ಹಂಗೇ ಇಲ್ಲ, ಆದ್ರೆ ಕೆಡೋದೂ ಇಲ್ಲ ನೋಡ್ರಿ" ಎನ್ನುತ್ತಾನೆ. ಹದ್ದು ಕೂತರೂ ಬಾಗದಿದ್ದರೆ ಹಳೆಯದಕ್ಕೊಂದು ಅಂಕ, ಮಳೆನೀರು ಇಳಿಯದಿದ್ದರೆ ಹೊಸದಕ್ಕೊಂದು. ಉಂಡ್ಯಾ, ಹೆಂಗಿದ್ದೀಯ ಎಂದು ಯಾರನ್ನೂ ಕೇಳುವ ಜಾಯಮಾನ ಅವನದಲ್ಲ. ಆದರೆ ದಿನಾ ಬೆಳಿಗ್ಗೆ ಎಂಟಕ್ಕೆ ಬಿ.ಜಿ. ಕೆರೆಯಲ್ಲಿರುವ ಅಕ್ಕ ತಿಪ್ಪೇರುದ್ರಮ್ಮನನ್ನು ರೇಡಿಯೊದಲ್ಲಿ ಕರೆದು, ವೈರು ಬದಲಿಸುತ್ತಾ, "ಅಕ್ಕಾ, ಇದು ಹಳೇದು, ಹೆಂಗ್ ಕೇಳಿಸ್ತೈತೆ? ಇದು ಹೊಸದು, ಈಗ?" ಎನ್ನುತ್ತಾನೆ. ಆಕೆ ಇವತ್ತು ಹಳೆಯದು ಚೆನ್ನಾಗಿದೆ ಎಂದರೆ ನಾಳೆ ಹೊಸದು ಎನ್ನುತ್ತಾಳೆ. ಇವನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು, ತಲೆ ಕೆರೆದುಕೊಂಡು, ತಪ್ಪನ್ನೆಲ್ಲ ಮೋಡದ ಮೇಲೆ ಹಾಕುತ್ತಾನೆ. ಕುತೂಹಲ ತಡೆಯಲಾಗದೆ, ಬಿ.ಜಿ. ಕೆರೆಗೆ ಹೋದಾಗ ನಾನು ಆಕೆಯನ್ನೇ ಕೇಳಿದೆ: "ನಿಜ ಹೇಳ್ರಿ ಅಕ್ಕ, ಯಾವುದು ಮೇಲು?" ಆಕೆ ರೊಟ್ಟಿ ತಟ್ಟುತ್ತಲೇ ನಕ್ಕಳು. "ಎರಡೂ ಒಂದೇ ಕಣಪ್ಪ. ಹಂಗಂತ ಹೇಳಿಬಿಟ್ರೆ, ನಾಳೆಯಿಂದ ಅವನು ನನ್ನನ್ನ ಯಾಕೆ ಕರೀತಾನೆ?"