ಬಬಲೇಶ್ವರಕ್ಕೆ ಮೊದಲ ನಂಬರು

ಮೌಶಿಯ ಮುಖದ ಬಣ್ಣ ಒಂದು, ಕಿವಿಯ ಹಿಂದಿನ ಬಣ್ಣ ಇನ್ನೊಂದು. ಹರೆಯದಿಂದ ಮುಪ್ಪಿನವರೆಗೆ ನಾಟಕದ ಬಣ್ಣ ಬಳಿದುಕೊಂಡು ಅವರ ಹಣೆ, ಕೆನ್ನೆ ಕಪ್ಪಿಟ್ಟು ಒರಟಾಗಿದ್ದವು. ತಲೆ ಬಾಚಲು ಕೂದಲು ಮೇಲೆತ್ತಿದಾಗ ಮಾತ್ರ ಕಿವಿಯ ಹಿಂದೆ ಹುಟ್ಟಿನ ಗೋಧಿಬಣ್ಣ ಕಾಣುತ್ತಿತ್ತು. ನಾನು ಅದನ್ನೇ ದಿಟ್ಟಿಸುತ್ತಿದ್ದುದನ್ನು ಒಮ್ಮೆ ಕನ್ನಡಿಯಲ್ಲಿ ಕಂಡು, “ಹಿಂದಿಂದು ನಂದು. ಮುಂದಿಂದು ಕಂಪನೀದು” ಅಂದರು. ಅಂದು, ಹೆರಳು ಹಾಕಿಕೊಳ್ಳುವುದನ್ನು ಮುಂದುವರಿಸಿದರು.

ವಿಜಯಪುರದ ಹಳೆಯ ಪೇಟೆಯಲ್ಲಿ ನಾವು ಬಾಡಿಗೆಗಿರುವ ಮನೆಯ ಅಂಗಳದಲ್ಲೇ ಒಂದು ಒಂಟಿ ಖೋಲಿ ಇದೆ. ಅದರಲ್ಲಿ ಅವರಿದ್ದರು. ಹುಟ್ಟಿದ್ದು ಹೊನವಾಡದಲ್ಲಿ. ಸಾಲಿ ಬಿಟ್ಟು ನಾಟಕ ಕಂಪನಿ ಸೇರಿ, ಊರೂರು ಸುತ್ತಿ, ಕಂಪನಿ ಮುಚ್ಚಿದ ಮೇಲೆ ಇಲ್ಲಿ ಬಂದು ನಿಂತವರು. ಲಗ್ನವಾಗಲಿಲ್ಲ. ಕಲಾವಿದರ ಮಾಸಾಶನ ಬರುತ್ತಿತ್ತು. ಲಗ್ನದ ದಿನಗಳಲ್ಲಿ ಮದುಮಗಳಿಗೆ ಸೀರೆ ಉಡಿಸಿ, ತುರುಬು ಕಟ್ಟಿ ಬರುತ್ತಿದ್ದರು. ಓಣಿಯಲ್ಲಿ ಯಾರಿಗೂ ಅವರು ಸಂಬಂಧಿಕರಲ್ಲ, ಎಲ್ಲರಿಗೂ ಮೌಶಿ, ಚಿಕ್ಕಮ್ಮ.

ಎದುರು ನಿಂತು ಮಾತಾಡಿದರೂ ಅವರ ನೋಟ ನಮ್ಮ ತಲೆಯ ಮೇಲಿಂದ ಹಾದುಹೋಗುತ್ತಿತ್ತು. ಕಡೆಯ ಸಾಲಿನವರಿಗೂ ಕೇಳಬೇಕು ಎಂಬ ರೂಢಿ. ಕಿರಾಣಿ ಅಂಗಡಿಯಲ್ಲಿ ಕಾಲು ಕಿಲೋ ಬೆಲ್ಲ ಕೇಳಿದರೆ ರಸ್ತೆಯ ಆಚೆಯವರು ತಿರುಗಿ ನೋಡುತ್ತಿದ್ದರು. ನನ್ನ ಅತ್ತೆಗೆ ಮೊದಮೊದಲು ಅವರೆಂದರೆ ಅಷ್ಟಕ್ಕಷ್ಟೇ. ನನ್ನ ಮಗಳು ಹುಟ್ಟಿ ರಚ್ಚೆ ಹಿಡಿದ ದಿನಗಳಲ್ಲಿ, ಅದೇ ದೊಡ್ಡ ದನಿಯನ್ನು ಎಲ್ಲಿಗೋ ಇಳಿಸಿಕೊಂಡು ಕೂಸನ್ನು ಮಲಗಿಸಿಬಿಡುತ್ತಿದ್ದುದನ್ನು ಕಂಡ ಮೇಲೆ ಅತ್ತೆಯೂ ಅವರಿಗೆ ಚಹಾ ಕಳಿಸತೊಡಗಿದರು.

ನಾನು ಸಾರವಾಡದವಳು. ಇಂಗ್ಲಿಷ್ ಎಂ.ಎ. ಮುಗಿಸಿ ಬಬಲೇಶ್ವರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಮಗಳು ಹುಟ್ಟಿದ ಮೇಲೆ ಅದನ್ನು ಬಿಡಬೇಕಾಯಿತು. ಆಮೇಲೆ ಪುಣೆಯ ಒಂದು ಪ್ರವಾಸದ ಜಾಲತಾಣಕ್ಕೆ ಮನೆಯಿಂದಲೇ ಬರೆಯುವ ಕೆಲಸ ಸಿಕ್ಕಿತು. ಓದುವವರು ಅಮೆರಿಕದವರು, ಬರೆಯುವವಳು ಮುಂಬಯಿಯ ಆಚೆಗೆ ಏನನ್ನೂ ನೋಡದ ನಾನು. ಒಮ್ಮೆ ಅಮೆರಿಕದ ಊರುಗಳಲ್ಲಿ ಕಲೆ ನೋಡಲು ಹೋಗುವವರಿಗೆ ಯಾವುದು ಮೊದಲು, ಯಾವುದು ಆಮೇಲೆ ಎಂದು ನಂಬರು ಕೊಟ್ಟು ಒಂದು ಲೇಖನ ಮಾಡಬೇಕಿತ್ತು. ವಸ್ತುಸಂಗ್ರಹಾಲಯ ಎಷ್ಟು, ನಾಟಕಗೃಹ ಎಷ್ಟು ಎಂದು ಕಲೆಹಾಕಿ ನ್ಯೂಯಾರ್ಕನ್ನು ಮೊದಲಿಟ್ಟು ಕಳಿಸಿದೆ.

ಪುಣೆಯ ಸಂಪಾದಕಿ ಅದನ್ನು ತಿರುಗಿ ಕಳಿಸಿದರು. ಇಂಥದ್ದನ್ನು ಈಗ ಯಂತ್ರವೇ ಬರೆದುಕೊಡುತ್ತದೆ, ಅದಕ್ಕಾಗಿ ನೀವು ಯಾಕೆ ಬೇಕು ಎಂದು ಕೇಳಿದ್ದರು. ಒಂದು ವಾರ ಸಮಯ ಕೊಡುತ್ತೇನೆ, ಆಗಲೂ ಹೀಗೇ ಇದ್ದರೆ ಮುಂದೆ ಕೆಲಸ ಇಲ್ಲ ಎಂದೂ ಬರೆದಿದ್ದರು. ಅವರ ಮಾತಿನಲ್ಲಿ ಕೆಡುಕು ಇರಲಿಲ್ಲ, ನಿಜವೇ ಇತ್ತು. ಅದಕ್ಕೇ ಹೆಚ್ಚು ನೋವಾಯಿತು. ಮದುವೆ, ಬಾಣಂತನ ಎಲ್ಲ ಆದ ಮೇಲೆ ನನ್ನದು ಅಂತ ಉಳಿದಿದ್ದುದು ಅದೊಂದೇ ಕೆಲಸ.

ಆ ಮಧ್ಯಾಹ್ನ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದೆ. ಮೌಶಿ ಪಕ್ಕದಲ್ಲೇ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ನನ್ನ ಕಣ್ಣು ಕೆಂಪಾಗಿದ್ದುದನ್ನು ನೋಡಿ, ಮನೆಯಲ್ಲಿ ಯಾರಾದರೂ ಏನಾದರೂ ಅಂದರೇ ಎಂದು ಕೇಳಿದರು. ಇಲ್ಲ ಎಂದು ನಡೆದದ್ದನ್ನು ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಮೊರ ಕೆಳಗಿಟ್ಟು, ಬಹಳ ಗಂಭೀರವಾಗಿ, “ನಮ್ಮ ಕಡೀದು ಬೇಕಂದ್ರ ನಾ ಹೇಳ್ತೀನಿ. ಬಬಲೇಶ್ವರಕ್ಕ ಮೊದಲ ನಂಬರು” ಅಂದರು.

ನಾನು ಅಲ್ಲಿ ಪಾಠ ಮಾಡಿದವಳು. ಅಲ್ಲಿ ಬಸ್‌ಸ್ಟ್ಯಾಂಡು, ವಾರದ ಸಂತೆ, ಬೀಜ-ಗೊಬ್ಬರದ ಅಂಗಡಿ ಕಂಡಿದ್ದೆ. ಕಲೆಗೆ ಮೊದಲ ನಂಬರು ಯಾಕೆ ಎಂದು ಕೇಳಿದೆ.

ಹರೆಯದಲ್ಲಿ ಅವರ ಕಂಪನಿ ಅಲ್ಲಿ ಕ್ಯಾಂಪ್ ಹಾಕಿತ್ತಂತೆ. ಗಾಳಿಮಳೆ ಬಂದು ಡೇರೆ ಹರಿದು ಹಾರಿಹೋಯಿತು. ಬೆಳಗಾಗುತ್ತಲೇ ಊರ ಮಂದಿ ಹಗ್ಗ, ಗಳ ಹೊತ್ತು ಬಂದರು. ಜೋಳದ ಚೀಲ ಹೊಲಿಯುವ ದಬ್ಬಣ ತಂದು, ಸಾಲಾಗಿ ಕುಳಿತು ಹರಿದ ಡೇರೆಯನ್ನು ಹೊಲಿದರು. ಮಳೆಯ ಆ ರಾತ್ರಿ, ಪರಿಚಯವೇ ಇಲ್ಲದ ಮನೆಯೊಂದರ ಸೊಸೆ ಮೌಶಿಯನ್ನು ತಮ್ಮ ಮನೆಗೆ ಕರೆದುಕೊಂಡು ಹೋಗಿದ್ದಳು.

ಎರಡನೆಯ ನಂಬರು ತಿಕೋಟಾಕ್ಕೆ. ಅಲ್ಲಿ ಹೆಣ್ಣುಮಕ್ಕಳು ಬಂದು ಮುಂದೆ ಕೂಡುತ್ತಿದ್ದರು, ನಟ ಮಾತು ಮರೆತರೆ ಅವರೇ ಹೇಳಿಕೊಡುತ್ತಿದ್ದರು. ವಿಜಯಪುರ ಮೂರನೆಯದು. ಯಾಕೆಂದರೆ, “ಇಲ್ಲಿ ಮಂದಿ ಶಾಣ್ಯಾರು. ಶಾಣ್ಯಾರು ಲಗೂನ ನಗಂಗಿಲ್ಲ.” ಇನ್ನೊಂದು ಊರು ಚಹಾದಲ್ಲಿ ಚಿಮಣಿ ದೀಪದ ಎಣ್ಣೆಯ ವಾಸನೆ ಬಂತೆಂಬ ಕಾರಣಕ್ಕೇ ಕೆಳಗಿಳಿದಿತ್ತು. ಅದು ಅನ್ಯಾಯ ಅಂದೆ. ನಂಬರು ಕೊಡುವವಳು ತಾನು, ಚಹಾ ಕುಡಿದವಳೂ ತಾನೇ ಅಂದರು. ಕಡೆಯ ನಂಬರಿನ ಊರಿನ ಹೆಸರನ್ನು ಮಾತ್ರ ಎಷ್ಟು ಕೇಳಿದರೂ ಹೇಳಲಿಲ್ಲ. ಆ ಊರಲ್ಲಿ ನಾಟಕದ ಹೆಂಗಸು ಎಂದು ಯಾರೂ ಅವರಿಗೆ ಮನೆ ಬಾಡಿಗೆಗೆ ಕೊಟ್ಟಿರಲಿಲ್ಲ. ಈಗಿರುವವರದು ಅದರಲ್ಲಿ ಏನು ತಪ್ಪು, ಹೆಸರು ಯಾಕೆ ಎಂದರು.

ಆಮೇಲೆ ಅಮೆರಿಕದ ಸರದಿ. “ಎಷ್ಟು ಥೇಟರ ಅದಾವಂತ ಬರದಿ. ನಾಟಕ ಬಿಟ್ಟ ಮ್ಯಾಲ ಹೆಣ್ಮಕ್ಕಳು ಮನಿಗಿ ಹೆಂಗ ಹೋಗ್ತಾರ? ಟಿಕೀಟಿಗಿ ರೊಕ್ಕ ಇಲ್ದವ್ರು ಎಲ್ಲಿ ನಿಂತು ನೋಡ್ತಾರ? ಬಣ್ಣ ಹಚ್ಚೋರಿಗಿ ಆ ಊರಾಗ ಮನಿ ಕೊಡ್ತಾರೇನು? ಅದನ್ಯಾಕ ಬರದಿಲ್ಲ ನೀ?”

ನನಗೆ ಗೊತ್ತಿರಲಿಲ್ಲ, ಅದಕ್ಕೆ ಬರೆದಿರಲಿಲ್ಲ. ಗೊತ್ತುಮಾಡಿಕೊಳ್ಳಬೇಕು ಎಂದು ಹೊಳೆದೂ ಇರಲಿಲ್ಲ.

ಆ ವಾರವೆಲ್ಲ ಅದೇ ಕೆಲಸ. ಆ ಊರುಗಳ ಸ್ಥಳೀಯ ಪತ್ರಿಕೆಗಳನ್ನು ಓದಿದೆ. ಅಲ್ಲಿನ ನಟರಿಗೆ, ವಾದ್ಯ ನುಡಿಸುವವರಿಗೆ, ಚಿತ್ರ ಬರೆಯುವವರಿಗೆ ಇಮೇಲ್ ಮಾಡಿ ಮೌಶಿಯ ಪ್ರಶ್ನೆಗಳನ್ನೇ ಕೇಳಿದೆ. ಹಲವರು ಉತ್ತರಿಸಲಿಲ್ಲ, ಉತ್ತರಿಸಿದವರು ಉದ್ದುದ್ದ ಬರೆದರು, ಯಾರಾದರೂ ಇದನ್ನು ಕೇಳಲಿ ಎಂದು ಕಾಯುತ್ತಿದ್ದವರ ಹಾಗೆ. ಪ್ರತಿ ಮಧ್ಯಾಹ್ನ ಮಗಳು ಮಲಗಿದ ಮೇಲೆ ಅವನ್ನು ಕನ್ನಡದಲ್ಲಿ ಮೌಶಿಗೆ ಹೇಳುತ್ತಿದ್ದೆ. ಶಿಕಾಗೋದ ಉದ್ಯಾನದಲ್ಲಿ ಹುಲ್ಲಿನ ಮೇಲೆ ಕುಳಿತು ಪುಕ್ಕಟೆ ಸಂಗೀತ ಕೇಳಬಹುದು ಅಂದರೆ, ಬುತ್ತಿ ಒಯ್ಯಲು ಬಿಡುತ್ತಾರೇನು ಎಂದು ಕೇಳುವರು. ಮಿನಿಯಾಪೊಲಿಸ್‌ನಲ್ಲಿ ನಾಟಕದ ಬಟ್ಟೆ ಹೊಲಿಯುವ ಒಬ್ಬ ಹೆಂಗಸು, ನಾಟಕಗೃಹದ ಹತ್ತಿರ ಬಾಡಿಗೆ ಕೊಡಲಾಗದೆ ಊರ ಹೊರಗೆ ದೂರದಲ್ಲಿದ್ದೇನೆ ಎಂದು ಬರೆದಿದ್ದಳು. ಅದನ್ನು ಕೇಳಿ ಮೌಶಿ, “ಆಕಿಗೂ ಸಿಗಲಿಲ್ಲೇನು,” ಅಂದರು.

ನ್ಯೂ ಆರ್ಲಿಯನ್ಸ್‌ನಲ್ಲಿ ಹೆಣದ ಮುಂದೆ ವಾದ್ಯ ನುಡಿಸುತ್ತ ಹೋಗುತ್ತಾರೆ ಎಂದು ಹೇಳಿದಾಗ ಮಾತ್ರ ಅವರು ಎದ್ದೇ ನಿಂತರು. ನಮ್ಮ ಕಡೆಯ ಹಾಗೇ ಆಯಿತಲ್ಲ, ಅದನ್ನೇ ಮೊದಲಿಡು ಎಂದು ಹಟ ಹಿಡಿದರು. ನಾನು ಫಿಲಡೆಲ್ಫಿಯಾವನ್ನು ಮೊದಲಿಟ್ಟೆ. ಅಲ್ಲಿ ಓಣಿಯ ಜನರೂ ಚಿತ್ರಕಾರರೂ ಸೇರಿ ಮನೆಗಳ ಗೋಡೆಯ ಮೇಲೆ ಚಿತ್ರ ಬರೆಯುತ್ತಾರೆ, ನೋಡಲು ಟಿಕೀಟು ಬೇಕಿಲ್ಲ, ಬೀದಿಯಲ್ಲಿ ನಡೆದರೆ ಸಾಕು. ಮೌಶಿ ಒಪ್ಪಲಿಲ್ಲ. ಮರುದಿನ ಅತ್ತೆ ಕಳಿಸಿದ ಚಹಾ ಹಾಗೇ ವಾಪಸು ಬಂತು.

ಲೇಖನ ಒಪ್ಪಿಗೆಯಾಯಿತು. ಈ ಪ್ರಶ್ನೆಗಳು ನಿಮಗೆ ಎಲ್ಲಿಂದ ಬಂದವು ಎಂದು ಸಂಪಾದಕಿ ಕೇಳಿದ್ದರು. ನಮ್ಮ ಅಂಗಳದಿಂದ ಎಂದು ಬರೆದೆ. ಅವರಿಗೆ ಅರ್ಥವಾಯಿತೋ ಇಲ್ಲವೋ, ಕೆಲಸ ಮಾತ್ರ ಉಳಿಯಿತು, ಇವತ್ತಿಗೂ ಇದೆ.

ಆ ಸಂತೋಷದಲ್ಲಿ, ನಿಮ್ಮ ಮೊದಲ ನಂಬರಿನ ಊರಿಗೆ ಹೋಗಿ ಬರೋಣ ಎಂದು ಮೌಶಿಯನ್ನು ಕರೆದೆ. ಅವರು ಮುಂದೂಡುತ್ತಲೇ ಹೋದರು. ಮೊಣಕಾಲು ನೋವು ಅಂದರು, ಬಿಸಿಲು ಅಂದರು. ಕಡೆಗೊಂದು ಸಂತೆಯ ದಿನ, ಜರಿಯಂಚಿನ ಸೀರೆ ಉಟ್ಟು ನನಗಿಂತ ಮೊದಲೇ ಅಂಗಳದಲ್ಲಿ ನಿಂತಿದ್ದರು.

ಬಬಲೇಶ್ವರದಲ್ಲಿ ಬಸ್ಸಿಳಿದ ಮೇಲೆ ಅವರಿಗೆ ದಾರಿಯೇ ತಿಳಿಯಲಿಲ್ಲ. ಡೇರೆ ಹಾಕಿದ ಬಯಲಿನಲ್ಲಿ ಈಗ ಅಂಗಡಿಗಳಿದ್ದವು. ಒಬ್ಬ ಹಿರಿಯ ದರ್ಜಿಯನ್ನು ಕೇಳಿದೆವು. ಡೇರೆ ಹೊಲಿದ ಕತೆ ಅವರ ತಂದೆಯಿಂದ ಅವರಿಗೆ ಗೊತ್ತಿತ್ತು. ಅವರೇ ಆ ಸೊಸೆಯ ಮನೆ ತೋರಿಸಿದರು. ಪಡಸಾಲೆಯಲ್ಲಿ ಕುಳಿತಿದ್ದ ಅಜ್ಜಿ ಮೌಶಿಯನ್ನು ಬಹಳ ಹೊತ್ತು ನೋಡಿ, “ಕಂಪನಿ ಹುಡುಗಿ ಅಲ್ಲೇನು ನೀ?” ಎಂದರು. ಮೌಶಿ ಹೌದೆಂದು ತಲೆಯಾಡಿಸಿದರು. ಅಜ್ಜಿ ಅವರ ಎರಡೂ ಕೈ ಹಿಡಿದುಕೊಂಡು ಅಳಲಾರಂಭಿಸಿದರು.

“ನಿನ್ನ ಒಳಗ ಕರೀಲಿಲ್ಲಲ್ಲ ಬೇ ನಾ. ನಾಟಕದಾಕಿ, ಒಳಗ ಬ್ಯಾಡ ಅಂದ್ರು ನಮ್ಮ ಮಾವ. ಅಂಥಾ ಮಳ್ಯಾಗ ಕಟ್ಟಿ ಮ್ಯಾಲ ಮಲಗಿಸಿದ್ನಿ.”

ನಾನು ಮೌಶಿಯ ಕಡೆ ನೋಡಿದೆ. ಮನೆಗೆ ಕರೆದುಕೊಂಡು ಹೋದಳು ಎಂದು ನನಗೆ ಹೇಳಿದ್ದರು. ಮನೆಯೊಳಗೆ ಎಂದು ನಾನು ತಿಳಿದುಕೊಂಡಿದ್ದೆ. ಮೌಶಿ ಕೈ ಬಿಡಿಸಿಕೊಳ್ಳಲಿಲ್ಲ. ಜೀವನದಲ್ಲಿ ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ಕೂಸು ಮಲಗಿಸುವಾಗ ಬಿಟ್ಟರೆ ಬೇರೆಂದೂ ನಾನು ಕೇಳಿಲ್ಲ. “ನಿನ್ನ ಕೌದಿ ತಂದು ಹೊಚ್ಚಿದಿ. ಬೆಳತನಕ ನನ್ನ ಬಾಜೂಕ ಕುಂತಿದ್ದಿ. ನನಗ ಅಷ್ಟ ನೆನಪೈತಿ.”

ಅವತ್ತು ಆ ಮನೆಯವರು ನಮಗೆ ಊಟ ಮಾಡಿಸದೆ ಬಿಡಲಿಲ್ಲ. ಅಡಿಗೆಮನೆಯಲ್ಲಿ ಒಲೆಯ ಎದುರೇ ಕೂರಿಸಿ, ಸೊಸೆ ಬಡಿದು ಬೇಯಿಸಿದ ರೊಟ್ಟಿಯನ್ನು ಅಜ್ಜಿ ತಾವೇ ಎತ್ತಿ ಮೌಶಿಯ ತಾಟಿಗೆ ಹಾಕಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಕೇಳದೆ ಇರಲಾಗಲಿಲ್ಲ. ಒಳಗೆ ಕರೆಯದ ಊರಿಗೆ ಮೊದಲ ನಂಬರು ಹೇಗೆ ಕೊಟ್ಟಿರಿ ಎಂದೆ. ಕಿಟಕಿಯಾಚೆ ನೋಡುತ್ತಿದ್ದ ಮೌಶಿ ನನ್ನ ಕಡೆ ತಿರುಗಿದರು. ಆ ಸಲ ಅವರ ನೋಟ ನನ್ನ ತಲೆಯ ಮೇಲಿಂದ ಹೋಗಲಿಲ್ಲ, ನನ್ನ ಮೇಲೇ ಇತ್ತು. “ಒಳಗ ಬ್ಯಾಡ ಅಂದಾವ ಮಾವ. ಮಳ್ಯಾಗ ಹೊರಗ ಬಂದು ಕುಂತಾಕಿ ಆಕಿ. ಬ್ಯಾಡ ಅಂದಾವ್ರು ಎಲ್ಲಾ ಊರಾಗೂ ಇದ್ರು ತಂಗಿ. ಬಂದು ಕುಂತಾಕಿ ಒಂದ ಊರಾಗ ಸಿಕ್ಕಳು.”

ಆಮೇಲೆ ಅವರು ಒಬ್ಬರೇ ಬಬಲೇಶ್ವರದ ಬಸ್ಸು ಹತ್ತತೊಡಗಿದರು. ಅಜ್ಜಿಯ ಮೊಮ್ಮಗಳಿಗೆ ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ನಾಟಕ ಮಾಡುವ ಆಸೆ ಇತ್ತು; ಮನೆಯಲ್ಲಿ ಅನುಮಾನಿಸುತ್ತಿದ್ದರು. ಆಡಲಿ ಎಂದು ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿದರು. ಅದೇ ಪಡಸಾಲೆಯಲ್ಲಿ ಮೌಶಿ ಆ ಹುಡುಗಿಗೆ ನಿಲ್ಲುವುದು, ತಿರುಗುವುದು, ಉಸಿರು ಹಿಡಿದು ಮಾತಾಡುವುದು ಕಲಿಸಿದರು. ನಾಟಕದ ದಿನ ನಾನೂ ಹೋಗಿದ್ದೆ. ಹುಡುಗಿ ನಡುವೆ ಒಂದು ಕಡೆ ಮಾತು ನುಂಗಿದಳು. ಚೆನ್ನಾಗಿತ್ತು ಎಂದು ಎಲ್ಲರೂ ಹೊಗಳಿದರೂ ಮೌಶಿ ಮಾತ್ರ ಅದೊಂದನ್ನೇ ಹಿಡಿದು ಬೈದರು. ಬೈದು, ತಾವೇ ಅವಳ ಮುಖದ ಬಣ್ಣ ಒರೆಸಿದರು.

ಹೋದ ಚಳಿಗಾಲದಲ್ಲಿ ಅವರಿಗೆ ಉಸಿರಾಟದ ತೊಂದರೆ ಬಂತು. ಓಣಿಯವರು ಪಾಳಿಯ ಮೇಲೆ ಆಸ್ಪತ್ರೆಯಲ್ಲಿ ಕೂಡುತ್ತಿದ್ದೆವು; ನನ್ನ ಅತ್ತೆ ಗಂಜಿ ಮಾಡಿ ಕಳಿಸುತ್ತಿದ್ದರು. ಒಂದು ದಿನ ಸ್ವಲ್ಪ ಚೇತರಿಸಿಕೊಂಡಿದ್ದರು. ಈಗ ಯಾವ ಊರಿನ ಬಗ್ಗೆ ಬರೆಯುತ್ತಿದ್ದೀ ಎಂದು ಕೇಳಿದರು. ಮತ್ತೆ ಅಮೆರಿಕದ್ದೇ, ಈ ಸಲ ಸಣ್ಣ ಊರುಗಳು ಅಂದೆ. ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂತೆಂದು ನಾನು ಏಳುವುದರಲ್ಲಿದ್ದೆ.

“ಒಂದು ಕೇಳೂದು ಉಳೀತು,” ಅಂದರು. “ವಯಸ್ಸಾದ ಮ್ಯಾಲ ಕಲಾವಿದರು ಅಲ್ಲಿ ಎಲ್ಲಿರ್ತಾರ? ಯಾರ ಜೋಡಿ ಇರ್ತಾರ? ನನಗ ನಿಮ್ಮ ಓಣಿ ಸಿಕ್ತು. ಎಲ್ಲಾರಿಗೂ ಸಿಗಂಗಿಲ್ಲ. ಅದನ್ನೂ ಕೇಳು.”

ಆ ಸಂಜೆಯೇ ಆ ಸಣ್ಣ ಊರುಗಳ ಕಲಾವಿದರಿಗೆ ಅದನ್ನು ಕೇಳಿ ಬರೆದೆ. ಮೊದಲ ಉತ್ತರ ಬಂದದ್ದು ಮೌಶಿಯನ್ನು ಮಣ್ಣು ಮಾಡಿ ಬಂದ ಮರುದಿನ. ದೂರದ ಒಂದು ಸಣ್ಣ ಊರಿನಲ್ಲಿ ಪಿಟೀಲು ನುಡಿಸುತ್ತಿದ್ದ ಮುದುಕರೊಬ್ಬರು ಬರೆದಿದ್ದರು. ತಮ್ಮನ್ನು ಇಷ್ಟು ವರ್ಷಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ, ಕೇಳಿದ್ದಕ್ಕೆ ಉಪಕಾರವಾಯಿತು ಎಂದಿದ್ದರು. ನಾನು ಕಟ್ಟೆಯ ಮೇಲೆ ಕುಳಿತು ಅದನ್ನು ಕನ್ನಡಕ್ಕೆ ತಿರುಗಿಸಿಕೊಳ್ಳುತ್ತ ಗಟ್ಟಿಯಾಗಿ ಓದಿದೆ. ಕೇಳಲು ಮಗಳೊಬ್ಬಳೇ ಇದ್ದಳು. ಉಪಕಾರ ಯಾರದು ಎಂದು ಆ ಪಿಟೀಲಿನವರಿಗೆ ತಿಳಿಸಲು ಅವತ್ತು ಬರೆದ ಇಮೇಲು ನಾನು ಈವರೆಗೆ ಬರೆದವುಗಳಲ್ಲೆಲ್ಲ ಉದ್ದನೆಯದು.